ಬಸವೇಶ್ವರಿಯ ಹೆಪ್ಪು

ರಂಗಂಪೇಟೆಯಲ್ಲಿ ಬಸವೇಶ್ವರಿಯ ಮೊಸರೆಂದರೆ ಚಾಕುವಿನಿಂದ ಕೊಯ್ಯಬೇಕು, ಅಷ್ಟು ಗಟ್ಟಿ. ತಿಂಗಳಲ್ಲಿ ಮೂರು ದಿನ ಮಾತ್ರ ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಮುಟ್ಟಾದವಳು ಹೆಪ್ಪು ಹಾಕಿದರೆ ಮೊಸರು ಕೆಡುತ್ತದೆಂದು ಆ ಮೂರು ದಿನ ಅತ್ತೆ ತಿಮ್ಮವ್ವನೇ ಹೆಪ್ಪು ಹಾಕುತ್ತಿದ್ದಳು. ಹಾಲು ಆರುವ ತನಕ ಕಾಯುವ ತಾಳ್ಮೆ ಆಕೆಗಿರಲಿಲ್ಲ, ಮೊಸರು ಲೋಳೆಯಾಗುತ್ತಿತ್ತು. ಬೈಗುಳ ಮಾತ್ರ ಸೊಸೆಗೆ.

ಆ ಮೂರು ದಿನ ಬಸವೇಶ್ವರಿಗೆ ಮೊಸರಿನ ಚಿಂತೆಯೂ ಇರುತ್ತಿರಲಿಲ್ಲ. ಹೊಟ್ಟೆಯಲ್ಲಿ ಕುಡುಗೋಲು ಆಡಿಸಿದಂಥ ನೋವು. "ಹೆಂಗಸಾಗಿ ಹುಟ್ಟಿದ ಮ್ಯಾಲ ಇದೆಲ್ಲಾ ಇದ್ದದ್ದೇ," ಎನ್ನುತ್ತಿದ್ದಳು ತಿಮ್ಮವ್ವ. ಹೀಗೆ ಹಲ್ಲು ಕಚ್ಚಿ ಹದಿನಾಲ್ಕು ವರ್ಷ ಕಳೆದ ಮೇಲೆ, ಹೋದ ವರ್ಷ ಎಚ್ಚರ ತಪ್ಪಿ ಬಿದ್ದಾಗ ಗಂಡ ಶಿವಶರಣ ಕಲಬುರಗಿಗೆ ಕರೆದುಕೊಂಡು ಹೋದ.

"ಗರ್ಭಕೋಶದ ಒಳಗಿರಬೇಕಾದಂಥ ಪದರ ಹೊರಗ ಬೆಳದದ. ಎಂಡೊಮೆಟ್ರಿಯೋಸಿಸ್ ಅಂತಾರ," ಎಂದರು ಡಾಕ್ಟರಮ್ಮ.

"ಯಾಕ ಬಂತ್ರಿ ನನಗ?"

"ಪೂರ್ತಿ ಯಾರಿಗೂ ಗೊತ್ತಿಲ್ಲವ್ವ. ನಮ್ಮ ಮೈಯಾಗ ಕಣ್ಣಿಗೆ ಕಾಣಲಾರದ ಸೂಕ್ಷ್ಮಜೀವಿ ಇರ್ತಾವ. ಕರುಳಾಗ, ಗರ್ಭಕೋಶದಾಗ ಅವುಗಳ ಹದ ತಪ್ಪಿದ್ರ ಈ ರೋಗ ಹೆಚ್ಚಾಗ್ತದೇನೋ ಅಂತ ಈಗ ಸಂಶೋಧನಾ ನಡದದ. ಇನ್ನಾ ಖಾತ್ರಿ ಇಲ್ಲ."

"ಮೊಸರಿನ್ಯಾಗ ಇರ್ತಾವಲ್ರಿ, ಅಂಥವಾ?"

"ಅವುಗಳ ಬಳಗಾನೇ ಅನ್ರಿ."

ಬಸವೇಶ್ವರಿಯ ಕಣ್ಣು ಅರಳಿತು. "ಹಂಗಾರ ಮೊಸರು ಉಂಡ್ರ ವಾಸಿ ಆಗ್ತದೇನ್ರಿ?"

"ಹಂಗ ಹೇಳಾಕ ಬರಂಗಿಲ್ಲ. ಈ ಗುಳಿಗಿ ನೋವು ಹತೋಟ್ಯಾಗ ಇಡ್ತಾವ, ಬುಡಸಮೇತ ಕೀಳಂಗಿಲ್ಲ. ಮಗಳು ಅದಾಳೇನು? ಆಕಿಗೂ ಹಿಂಗೇ ನೋವು ಬಂದ್ರ ನಿಮ್ಮಂಗ ತಡಾ ಮಾಡಬ್ಯಾಡ್ರಿ."

ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ತನಗಾದದ್ದು ಆಯಿತು, ಮಗಳು ಪರಿಮಳಾಗೆ ಬೇಡ. ಕಂಡ ದೇವರಿಗೆಲ್ಲ ಅಷ್ಟೇ ಬೇಡಿಕೊಂಡಳು. ಮಗಳ ತಾಟಿಗೆ ದಿನಾ ಎರಡು ಸೌಟು ಮೊಸರು ಹೆಚ್ಚೇ ಬಿತ್ತು.

ಎಂಟನೇ ಇಯತ್ತೆ ಓದುವ ಪರಿಮಳಾ ನಿನ್ನೆ ಶಾಲೆಯಿಂದ ಗೋಡೆ ಹಿಡಿದುಕೊಂಡು ಬಂದಳು. ಮುಖ ಬಿಳಿಚಿತ್ತು. ಬಾಗಿಲಲ್ಲೇ ತಿಮ್ಮವ್ವ ಕೂಗಿದಳು: "ಮೊಸರಿನ ಗಡಗಿ ಮುಟ್ಟಬ್ಯಾಡಲೇ!"

ಬಸವೇಶ್ವರಿಗೆ ರೇಗಿತು. ಇಷ್ಟು ವರ್ಷಗಳ ಸಿಟ್ಟು ಅದು. ಹಾಲು ಉಗುರುಬೆಚ್ಚಗಾಗುವ ತನಕ ಕಾದು ಮಗಳನ್ನು ಕರೆದಳು; ಆಕೆಯ ಕೈಯಿಂದಲೇ ಹೆಪ್ಪು ಹಾಕಿಸಿದಳು. "ಕೆಟ್ರ ಗಿರಾಕಿಗೆ ನೀನೇ ಜವಾಬು ಕೊಡು," ಎಂದು ಅತ್ತೆ ಗೊಣಗಿದಳು. ಮೊಸರು ಹದವಾಗಿ ಕೂತರೆ ಮಗಳ ನೋವೂ ಇಳಿದೀತೆಂದು ಬಸವೇಶ್ವರಿಯ ಮನಸ್ಸು ಏಕೋ ಗಂಟು ಹಾಕಿಕೊಂಡಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಆಕೆಗೆ ಗೊತ್ತಿತ್ತು.

ಬೆಳಿಗ್ಗೆ ಗಡಿಗೆ ವಾಲಿಸಿದರೂ ಮೊಸರು ಅಲುಗಲಿಲ್ಲ. ತಿಮ್ಮವ್ವ ತಾನೂ ಒಮ್ಮೆ ವಾಲಿಸಿ ನೋಡಿ ಒಳಗೆ ಹೋದಳು. ಪರಿಮಳಾ ಮಾತ್ರ ಮೂಲೆಯಲ್ಲಿ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು.

"ಏಳು ಯವ್ವಾ, ಕಲಬುರಗಿ ಬಸ್ಸಿಗೆ ಹೋಗೂಣು."

"ಹೋದ್ರ ಪೂರ್ತಿ ಹೋಗ್ತದೇನವ್ವ ಈ ನೋವು?"

ಬಸವೇಶ್ವರಿ ಮಗಳ ಚಪ್ಪಲಿ ಹುಡುಕತೊಡಗಿದಳು.