ನಾಲ್ಕಲ್ಲ, ಎರಡು

೧೯೭೧ರ ಜುಲೈ ೧೨, ಸೋಮವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ನನ್ನ ಹೊಟ್ಟೆಕಿಚ್ಚು ಶುರುವಾದ ಹೊತ್ತು ಇದು. ಡೈರಿಯಲ್ಲಿ ಹಾಗೆಯೇ ಬರೆದಿಟ್ಟಿದ್ದೇನೆ.

ಅಪ್ಪ ಚೆಂಬೂರಿನ ಆಚೆಯ ರಿಫೈನರಿಯ ಲ್ಯಾಬಿನಲ್ಲಿದ್ದಾರೆ. ನಾನು ಕಾಲೇಜು ಸೇರಿದ ಮೇಲೆ ದಿನಾ ಸಂಜೆ ಚಹಾ ಕುಡಿಯುತ್ತ ನನಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು. ಆ ಅರ್ಧ ಗಂಟೆ ನನ್ನದು. ಅಣ್ಣನಿಗೂ ಅದರಲ್ಲಿ ಪಾಲಿರಲಿಲ್ಲ. ಮೇ ತಿಂಗಳಲ್ಲಿ ಅಣ್ಣನ ಮದುವೆಯಾಗಿ ಧಾರವಾಡದಿಂದ ವೈನಿ ಬಂದಳು. ಬಿ.ಎಸ್‌ಸಿ. ಅರ್ಧಕ್ಕೆ ಬಿಟ್ಟವಳು.

ಅಂದಿನ ಪಾಠ ಹೈಡ್ರೊಕಾರ್ಬನ್ನುಗಳ ಹೆಸರು. ಇಂಗಾಲ, ಜಲಜನಕ ಎರಡೇ ಸೇರಿ ಆದ ವಸ್ತುಗಳು ಇವು. ಒಂದು ಇಂಗಾಲಕ್ಕೆ ಮೀಥೇನ್, ಎರಡಕ್ಕೆ ಈಥೇನ್, ಆಮೇಲೆ ಪ್ರೊಪೇನ್, ಬ್ಯೂಟೇನ್, ಐದಕ್ಕೆ ಪೆಂಟೇನ್. ಸರಪಳಿಗೆ ಕೊಂಬೆ ಇದ್ದರೆ, ಅದು ಎಷ್ಟನೆಯ ಇಂಗಾಲಕ್ಕೆ ಅಂಟಿದೆಯೆಂಬ ಅಂಕಿ ಹೆಸರಿನ ಮುಂದೆ.

"ನಮ್ಮ ಹಾರ್ಬರ್ ರೈಲ್ವೆ ಲೈನ್ ಇದ್ದಂಗ ಐತಿ ಅಪ್ಪಾ," ಎಂದೆ. "ಇಂಗಾಲ ಅಂದ್ರ ಸ್ಟೇಷನ್. ವಡಾಲದಾಗ ಬಾಂದ್ರಾ ಕಡೆ ಕವಲೊಡೆದು ಹೊಳ್ಳೂ ಫಾಟಾನ ಕೊಂಬಿ."

ಅಪ್ಪ ಶಾಭಾಸ್ ಎಂದರು. ಐದು ಇಂಗಾಲ ಬರೆದು, ಎಡದಿಂದ ನಾಲ್ಕನೆಯದಕ್ಕೆ ಒಂದೇ ಇಂಗಾಲದ ಕೊಂಬೆ, ಅಂದರೆ ಮೀಥೈಲ್, ಹಚ್ಚಿದರು.

"ಹೆಸರು ಹೇಳ ತಂಗಿ." ಮಗಳಾದರೂ ಅಪ್ಪ ನನ್ನನ್ನು ಕರೆಯುವುದು ತಂಗಿ ಎಂದೇ.

ವೀಟಿಯಿಂದ, ಅಂದರೆ ಲೈನು ಶುರುವಾಗುವ ಸ್ಟೇಷನ್ನಾದ ಎಡತುದಿಯಿಂದ, ಎಣಿಸಿದೆ. ಈ ಊರಿನಲ್ಲಿ ಎಲ್ಲರೂ ವೀಟಿಯಿಂದಲೇ ಎಣಿಸುವುದು. "ನಾಲ್ಕು-ಮೀಥೈಲ್ ಪೆಂಟೇನ್."

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ವೈನಿ ಬಂದು ಕಾಗದದ ಮೇಲೆ ಬಗ್ಗಿದಳು. "ಯಾವಾಗಲೂ ವೀಟಿಯಿಂದನ ಯಾಕ್ರೀ? ಫಾಟಾ ಯಾವ ತುದಿಗೆ ಸಮೀಪ ಐತಿ, ಅಲ್ಲಿಂದ ಎಣಸರಿ. ನಾಲ್ಕಲ್ಲ, ಎರಡು."

"ಭಲೇ!" ಅಪ್ಪ ನಕ್ಕರು. "ತಂಗಿ, ನಿನ್ನ ಗಾಡಿ ಉಲ್ಟಾ ಹೋತಲ್ಲ!"

"ವೈನೀ, ಚಪಾತಿ ಹೊತ್ತಾಕತ್ತೈತಿ," ಎಂದೆ. ಹೊತ್ತಿರಲಿಲ್ಲ.

ತಪ್ಪಾಗಿದ್ದಕ್ಕಿಂತ ನನ್ನ ವೀಟಿ, ನನ್ನ ಫಾಟಾ ಅವಳ ಬಾಯಲ್ಲಿ ಬಂದದ್ದು ಉರಿಸಿತು. ಮರುದಿನ ಅಪ್ಪ ಕೂರುವ ಮೊದಲೇ ಅಡುಗೆಮನೆಯತ್ತ ಕೂಗಿದರು: "ನೀನೂ ಬಾರವಾ." ಶನಿವಾರದ ಹೊತ್ತಿಗೆ ಶಾಭಾಸ್: ವೈನಿಗೆ ಐದು, ನನಗೆ ಎರಡು.

ಭಾನುವಾರ ನಾನೇ ಒಂದು ಸರಪಳಿ ಕಟ್ಟಿ ಮುಂದಿಟ್ಟೆ. ಏಳು ಇಂಗಾಲ, ಎಡದಿಂದ ಮೂರನೆಯದಕ್ಕೆ ಎರಡು ಇಂಗಾಲದ ಕೊಂಬೆ ಈಥೈಲ್, ಬಲದಿಂದ ಮೂರನೆಯದಕ್ಕೆ ಮೀಥೈಲ್. ಎರಡೂ ತುದಿಗೆ ಫಾಟಾ ಅಷ್ಟೇ ದೂರ. ಎಲ್ಲಿಂದ ಎಣಿಸುವುದು?

ಅಪ್ಪ ಕನ್ನಡಕ ತೆಗೆದು ಒರೆಸಿದರು. ವೈನಿ ಬೆರಳಿಟ್ಟು ಎಡದಿಂದ ಎಣಿಸಿದಳು, ಬಲದಿಂದ ಎಣಿಸಿದಳು, ಮತ್ತೆ ಎಡದಿಂದ. ನನಗೆ ಹಬ್ಬವಾಯಿತು. ಅಷ್ಟರಲ್ಲಿ ಅವಳು, "ನಾ ಹುಡುಕಿ ಹೇಳ್ತೀನ್ರಿ ಮಾವಾರ," ಎಂದು ನನ್ನದೇ ಪುಸ್ತಕ ಎತ್ತಿಕೊಂಡು ಹೋದಳು.

ಪುಸ್ತಕ ಇನ್ನೂ ಅವಳ ಕೋಣೆಯಲ್ಲಿದೆ. ಓದುಗರಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ ದಯವಿಟ್ಟು ಬೇಗ ಬರೆದು ತಿಳಿಸಿ. ಕಾರ್ಡು ಬೇಡ, ಅಂಟಿಸಿದ ಲಕೋಟೆಯಲ್ಲಿ. ನಮ್ಮ ಮನೆಯ ಟಪಾಲು ಈಗ ವೈನಿಯೇ ತೆಗೆದುಕೊಳ್ಳುತ್ತಾಳೆ.