ಫ್ಲೆಕ್ಸಿನಲ್ಲಿ ಡಿಸಿಯಾದವಳು

ನನ್ನನ್ನು ಡಿಸಿ ಮಾಡಿದವರು ದೆಹಲಿಯವರಲ್ಲ, ನಮ್ಮ ಚಿಕ್ಕಪ್ಪ. ಐಎಎಸ್ ಪರೀಕ್ಷೆಯ ಪ್ರಿಲಿಮ್ಸ್ ಫಲಿತಾಂಶದಲ್ಲಿ ನನ್ನ ನಂಬರ್ ಇದೆಯೆಂದು ಮನೆಯಲ್ಲಿ ಹೇಳಿದ್ದೇ ತಡ, ಮಾರನೆಯ ದಿನ ಕೊತ್ತತ್ತಿ ಕಡೆಯ ನಮ್ಮೂರ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸು ಎದ್ದು ನಿಂತಿತ್ತು. ‘ಐಎಎಸ್ ಪಾಸ್ ಮಾಡಿದ ನಮ್ಮೂರ ಹೆಮ್ಮೆಯ ಮಗಳಿಗೆ ಅಭಿನಂದನೆಗಳು.’ ಯಾರದೋ ಮದುವೆಯಲ್ಲಿ ತೆಗೆದ ನನ್ನ ಫೋಟೋ, ಅದರ ಪಕ್ಕಕ್ಕೆ ಎಲ್ಲಿಂದಲೋ ತಂದು ಅಂಟಿಸಿದ ಸರ್ಕಾರಿ ಕಾರು. ಕೆಳಗೆ ಶುಭ ಕೋರುವವರ ಸಾಲು. ಆ ಸಾಲಿನಲ್ಲಿ ಚಿಕ್ಕಪ್ಪನ ಮುಖ ನನ್ನ ಮುಖಕ್ಕಿಂತ ದೊಡ್ಡದು, ಮೇಲೆ ಕೂಲಿಂಗ್ ಗ್ಲಾಸ್ ಬೇರೆ. ಪಂಚಾಯ್ತಿ ಎಲೆಕ್ಷನ್ ಹತ್ತಿರ ಬರುತ್ತಿದೆಯೆಂಬ ಸುದ್ದಿ ಇತ್ತು. ನಾನು ನೆಪ ಅಷ್ಟೆ.

ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ಸಂಜೆ ಚಿಕ್ಕಪ್ಪ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ ಎದುರಿಗೇ ನಿಂತೆ.

“ಇದು ಮೂರು ಮೆಟ್ಲು ಕಣ್ ಚಿಕ್ಕಪ್ಪ. ಈಗ ಪಾಸಾಗಿರೋದು ಮೊದಲ್ನೇದು. ಅದು ಬರೀ ಜರಡಿ. ಅದ್ರ ಅಂಕ ಮುಂದುಕ್ಕೆ ಸೇರೋದೇ ಇಲ್ಲ. ಆಮೇಲೆ ಮೇನ್ಸು, ಒಂಬತ್ತು ಪೇಪರು. ಅದೂ ದಾಟಿದ್ರೆ ಡೆಲ್ಲೀಲಿ ಇಂಟರ್‌ವ್ಯೂ. ಎಲ್ಲಿ ಬಿದ್ರೂವೆ ಮುಂದಿನ ವರ್ಸ ಮತ್ತೆ ಮೊದಲ್ನೇ ಮೆಟ್ಲಿಂದ್ಲೇ ಹತ್ಬೇಕು.”

“ಜನಕ್ಕೆ ಮೆಟ್ಲು ಗಿಟ್ಲು ಯಾಕವ್ವ ಮಗಾ? ಪಾಸು ಅಂದ್ರೆ ಪಾಸು. ಎಂಗೂ ಆಯ್ತೀಯ ಬುಡು,” ಎಂದು ಲೋಟ ಕೆಳಗಿಟ್ಟು ಚಿಕ್ಕಪ್ಪ ಎದ್ದುಹೋದರು. ಅವ್ವ ಅಲ್ಲೇ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅವಳು ಏನನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಮೇನ್ಸಿಗೆ ಉಳಿದದ್ದು ಕೆಲವೇ ತಿಂಗಳು. ಅಷ್ಟರಲ್ಲಿ ಓದಬೇಕಾದ್ದು ಬೆಟ್ಟದಷ್ಟಿತ್ತು. ಹತ್ತನೇ ಕ್ಲಾಸಿನವರೆಗೆ ಮಳವಳ್ಳಿಯ ಅತ್ತೆ ಮನೆಯಲ್ಲಿದ್ದು ಕನ್ನಡದಲ್ಲೇ ಓದಿದವಳು ನಾನು. ಮೇನ್ಸಿನ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು, ದೊಡ್ಡ ಉಪಕಾರ! ಆದರೆ ಪ್ರಶ್ನೆಗಳು ಅಚ್ಚಾಗುವುದು ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಕಾಲುವೆಯ ನೀರು, ಕಬ್ಬಿನ ಬೆಲೆ, ಏನೇ ಕೇಳಿದರೂ ಅದನ್ನು ಮೊದಲು ತಲೆಯಲ್ಲೇ ಕನ್ನಡಕ್ಕೆ ಇಳಿಸಿಕೊಂಡು ಆಮೇಲೆ ಪೆನ್ನು ಹಿಡಿಯಬೇಕು. ಪಕ್ಕದ ಬೆಂಚಿನವನು ಎರಡನೇ ಪುಟ ತಿರುಗಿಸುವಾಗ ನಾನಿನ್ನೂ ಪ್ರಶ್ನೆಯ ಜೊತೆಯೇ ಗುದ್ದಾಡುತ್ತಿರುತ್ತೇನೆ. ಹಿಂದಿಯವನಿಗೆ ಅವನ ಮನೆಮಾತಿನಲ್ಲೇ ಕೇಳುತ್ತಾರಂತೆ, ನನಗೇಕೆ ಕೇಳಬಾರದು? ಇವತ್ತಿಗೂ ಇದನ್ನು ನೆನೆದರೆ ಹಲ್ಲು ಕಡಿಯುವಂತಾಗುತ್ತದೆ.

ಇಷ್ಟು ಸಾಲದೆಂದು ಮನೆಯೇ ಕಚೇರಿಯಾಯಿತು. ನಾಲೆಯ ನೀರು ಕೊನೇ ಗದ್ದೆಗೆ ಬರುತ್ತಿಲ್ಲ ಎಂದು ಒಬ್ಬರು, ಪೆನ್ಷನ್ ನಿಂತಿದೆ ಎಂದು ಇನ್ನೊಬ್ಬರು. “ನೀನೊಂದ್ ಮಾತ್ ಏಳವ್ವ, ಆಪೀಸ್ನೋರು ಎದ್ದು ನಿಂತ್ಕಂಡ್ ಮಾಡ್ತರೆ” ಎನ್ನುವ ಮುದುಕಿಗೆ ನಾನು ಯಾರೂ ಅಲ್ಲವೆಂದರೆ, “ಈಗ್ಲೇ ದೊಡ್ಡೋಳಾಗ್ಬುಟ್ಟೆ” ಎಂದು ಮುನಿಸಿಕೊಂಡು ಹೋದಳು. ಮದ್ದೂರಿನಿಂದ ಮದುವೆ ಮಾತು ಮುಂದುವರಿಯುತ್ತಿದ್ದ ಸಂಬಂಧದವರು “ಡಿಸಿ ಎಣ್ಣಿಗೆ ನಮ್ಮೈದ ಎಲ್ಲಿ ಸಾಟಿ” ಎಂದು ಹಿಂದೆ ಸರಿದರು. ಮಳವಳ್ಳಿಯ ಅತ್ತೆಯಂತೂ ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಹೊತ್ತ ಹರಕೆಯನ್ನು ತೀರಿಸಿಯೇ ಬಂದರು. ಆ ದೇವರೂ ಈ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡಿರಬೇಕು. ಓದಲೆಂದು ಮಂಡ್ಯದ ಲೈಬ್ರರಿಗೆ ಓಡಿದರೆ ಬಸ್ಸಿನಲ್ಲೂ ಇದೇ ಪಂಚಾಯ್ತಿ.

ಬೆಂಗಳೂರಿಗೆ ಹೋಗಿ ಮೇನ್ಸ್ ಬರೆದೆ. ಫಲಿತಾಂಶ ಬಂತು, ನನ್ನ ನಂಬರ್ ಇರಲಿಲ್ಲ.

ಅಳಲು ಕೂಡ ಪುರಸೊತ್ತು ಕೊಡಲಿಲ್ಲ ನಮ್ಮ ಜನ. ಪಾಸಾದವಳನ್ನು ಫೇಲ್ ಮಾಡಿದರಂತೆ, ಏನೋ ಮಸಲತ್ತು ನಡೆದಿರಬೇಕು ಎಂದರು ಕೆಲವರು. ಅವಳು ಪಾಸೇ ಆಗಿರಲಿಲ್ಲ, ಸುಳ್ಳು ಹೇಳಿದಳು ಎಂದರು ಉಳಿದವರು. “ಮನೆ ಮರ್ವಾದೆ ತಗುದ್ಬುಟ್ಲು” ಎಂದವರು ಯಾರೆಂದುಕೊಂಡಿರಿ? ಚಿಕ್ಕಪ್ಪ! ಹಾಗಾದರೆ ಆ ಫ್ಲೆಕ್ಸನ್ನಾದರೂ ಇಳಿಸಿ ಎಂದೆ. “ಅದ್ರಲ್ಲಿ ನನ್ ಫೋಟೋನೂ ಅದೆಯಲ್ಲ” ಎಂದರು. ಆ ಕ್ಷಣ ಕೈಗೆ ಕಲ್ಲು ಸಿಕ್ಕಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ.

ವಯಸ್ಸಿನ ಮಿತಿಯ ಲೆಕ್ಕದಲ್ಲಿ ನನಗೆ ಇನ್ನೊಂದೇ ಸಲ ಉಳಿದಿತ್ತು. ಅರ್ಜಿ ಹಾಕುವ ಕೊನೆಯ ದಿನವೂ ಹತ್ತಿರ ಬಂದಿತ್ತು. ಅಪ್ಪ ಊಟದ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: “ಸಾಕು ಕಣವ್ವ. ಊರೋರ್ ಬಾಯಿ ಕೇಳಕಾಯ್ತಿಲ್ಲ. ಆ ಫ್ಲೆಕ್ಸ್ ಕೆಳಗೆ ತಲೆ ಎತ್ಕಂಡು ಓಡಾಡಕಾಯ್ತಿಲ್ಲ ನಂಗೆ. ಈ ಸಲ ಅರ್ಜಿ ಆಕ್ಬ್ಯಾಡ.” ನಾನು ತುತ್ತು ಬಿಟ್ಟು ಎದ್ದೆ. ಯಾರೋ ಹಚ್ಚಿದ ಪಟಾಕಿಗೆ ನನ್ನ ಮನೆ ಸುಡಬೇಕೇ?

ಮಾರನೆಯ ಬೆಳಿಗ್ಗೆ ಹಿತ್ತಿಲಿನಲ್ಲಿ ಅವ್ವ ಏಣಿ ಎಳೆಯುತ್ತಿದ್ದ ಸದ್ದು ಕೇಳಿಸಿತು. ಇನ್ನೊಂದು ಕೈಯಲ್ಲಿ ಕುಡುಗೋಲು. “ಬಾ ಇತ್ಲಾಗೆ” ಎಂದು ನನ್ನನ್ನು ಬಸ್‌ಸ್ಟಾಪಿಗೆ ಕರೆದುಕೊಂಡು ಹೋದಳು. ಹಾಲು ಹಾಕಲು ಡೈರಿಗೆ ಬಂದವರೆಲ್ಲ ನೋಡುತ್ತ ನಿಂತರು. ನಾನು ಏಣಿ ಹತ್ತಿ ಮೂಲೆಯ ಹಗ್ಗಕ್ಕೆ ಕುಡುಗೋಲು ಇಟ್ಟೆ. ಏಣಿ ಹಿಡಿದಿದ್ದ ಅವ್ವ ಕೆಳಗಿನಿಂದ ಗದರಿದಳು.

“ಅಗ್ಗ ಯಾಕ್ ಕುಯ್ತೀಯಾ? ನಿನ್ ಮಕ ಮಾತ್ರ ಕುಯ್ಕೊ. ಅವರ್ದು ಅವರ್ಗಿರ್ಲಿ.”

ಕುಯ್ದೆ. ಚಿಕ್ಕಪ್ಪನಿಂದ ಹಿಡಿದು ಎಲ್ಲರೂ ಕೈಮುಗಿದುಕೊಂಡು ಒಂದು ತೂತಿಗೆ ಶುಭ ಕೋರುತ್ತಾ ಉಳಿದರು. ಡೈರಿಯ ಮುಂದೆ ಯಾರೋ ಗೊಳ್ಳೆಂದು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪನೇ ಓಡಿಬಂದು ಫ್ಲೆಕ್ಸು ಬಿಚ್ಚಿಸಿಕೊಂಡು ಹೋದರು. ಏಣಿಯನ್ನು ಅಪ್ಪನೇ ಹೊತ್ತು ಹಿತ್ತಿಲಿಗೆ ಸೇರಿಸಿದರು. ಸಂಜೆ ಮಂಡ್ಯಕ್ಕೆ ಹೋಗಿ ಅರ್ಜಿ ಹಾಕಿ ಬಂದೆ.

ಪ್ರಿಲಿಮ್ಸ್ ಬರೆಯಲು ನಾವು ಮೈಸೂರಿಗೆ ಹೋಗಬೇಕು, ಮಂಡ್ಯದಲ್ಲಿ ಸೆಂಟರ್ ಇಲ್ಲ. ಪರೀಕ್ಷೆಯ ದಿನ ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದು ಮೊದಲ ಬಸ್ಸಿಗೆ ಹತ್ತಿದಳು. ಕಂಡಕ್ಟರು ನಮ್ಮ ಪಕ್ಕದೂರಿನವನು. ನಮ್ಮ ಆಧಾರ್ ಕಾರ್ಡ್ ನೋಡಿ ಹೆಂಗಸರ ಫ್ರೀ ಟಿಕೆಟ್ ಹರಿದುಕೊಡುತ್ತಾ ಬಸ್ಸಿಗೆಲ್ಲ ಕೇಳುವಂತೆ, “ಏನ್ ಡಿಸಿ ಮೇಡಮ್ಮು, ಇನ್ನೂ ಫ್ರೀ ಬಸ್ಸೇನಾ?” ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅವನ ಕೈಯಿಂದ ಟಿಕೆಟ್ ಕಿತ್ತುಕೊಂಡಳು.

“ಇಲ್ ಕೇಳಪ್ಪ. ಇದು ಮೂರು ಮೆಟ್ಲು. ಇವತ್ತಿಂದು ಮೊದಲ್ನೇದು, ಬರೀ ಜರಡಿ. ಪಾಸಾದ್ರೂವೆ ಅಂಕ ಮುಂದುಕ್ಕೆ ಸೇರಕಿಲ್ಲ. ಆಮೇಲೆ ಒಂಬತ್ತು ಪೇಪರು, ಆಮೇಲೆ ಡೆಲ್ಲಿ. ಎಲ್ಲಿ ಬಿದ್ರೂ ಮತ್ತೆ ಮೊದಲಿಂದ. ತಿಳೀತಾ? ನಿಮ್ಮೂರಲ್ಲೂ ಇಂಗೇ ಏಳು.”