ಶಾರದೆಯ ಬಲಭುಜ, ಚಿಂಪಾಂಜಿಯ ಮೂಳೆ

ಮೊದಲ ಸೂಚನೆ ಕಂಡದ್ದು ನಡುಮನೆಯಲ್ಲಿ. ನನ್ನ ಹೆಂಡತಿ ಶಾರದೆ ನನ್ನಮ್ಮನ ಒದ್ದೆ ಮಡಿಸೀರೆಯನ್ನು ಕೋಲಿನ ತುದಿಯಿಂದ ಎತ್ತಿ, ಸೂರಿನಡಿ ತೂಗುಹಾಕಿದ ಬಿದಿರು ಗಳುವಿನ ಮೇಲೆ ಹರವುತ್ತಿದ್ದಳು. ಕೈ ಅರ್ಧಕ್ಕೆ ನಿಂತಿತು. ಸೀರೆ ಅವಳ ತಲೆಯ ಮೇಲೆಯೇ ಬಿತ್ತು.

ಅಮ್ಮ ನಕ್ಕರು. ಶಾರದೆ ನಗಲಿಲ್ಲ.

ಮದುವೆಯಾದಂದಿನಿಂದ ಆ ಕೆಲಸ ಅವಳದೇ. ಅದು ಮುಗಿದ ಮೇಲೆ ಜಯನಗರದ ಪ್ರೈಮರಿ ಶಾಲೆಯಲ್ಲಿ ಪಾಠ. ನೋವು ಶುರುವಾದ ಮೇಲೆ ಕಪ್ಪುಹಲಗೆಯ ಕೆಳಗಿನ ಅರ್ಧ ಮಾತ್ರ ಬಳಸತೊಡಗಿದಳು. ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತು ಬರೆದುಕೊಳ್ಳುತ್ತಿದ್ದರಂತೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಕೈ ಹೀಗೇ ಇದ್ರೆ ಇಟ್ಕೋತಾರೇನ್ರೀ?" ಎಂದು ಕೇಳಿದಳು. ಆಸ್ಪತ್ರೆಗೆ ಹೊರಟದ್ದು ಆ ಪ್ರಶ್ನೆಯಿಂದ.

ಔಟ್‌ಪೇಷಂಟ್ ವಿಭಾಗದಲ್ಲಿ ಡಾಕ್ಟರು ಅವಳ ಕೈಯನ್ನು ಎತ್ತಿ, ತಿರುಗಿಸಿ ನೋಡಿದರು. ಎಕ್ಸ್‌ರೇ ತೆಗೆಸಿದರು. ಆಮೇಲೆ ನನ್ನನ್ನು ಮಾತ್ರ ಒಳಗೆ ಕರೆದರು. ಹೆಂಡತಿಯ ಕಾಯಿಲೆಯನ್ನು ಗಂಡನಿಗೆ ಹೇಳುವುದು ರೂಢಿ. ಅವಳು ಹೊರಗೆ ಬೆಂಚಿನ ಮೇಲೆ ಕುಳಿತಳು. ಅದರಲ್ಲಿ ತಪ್ಪೇನೂ ನಮ್ಮಿಬ್ಬರಿಗೂ ಕಾಣಲಿಲ್ಲ.

"ಭುಜದ ಟೆಂಡನ್ ಊದಿದೆ ಸಾರ್, ಸ್ನಾಯುನ ಮೂಳೆಗೆ ಕಟ್ಟೋ ನಾರು. ಕತ್ತಿನಿಂದ ಸ್ಲಿಂಗ್ ಕಟ್ಟಿ. ಕೈ ಮೇಲೆತ್ತೋದು ಬೇಡ," ಎಂದರು ಡಾಕ್ಟರು.

ನಾನು ಪತ್ರಿಕೆಯವನೆಂದು ತಿಳಿದ ಮೇಲೆ ಬೀರುವಿನಿಂದ ಎರಡು ಹೆಗಲಮೂಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಮನುಷ್ಯನದು. ಇನ್ನೊಂದು ಚಿಂಪಾಂಜಿಯ ಮೂಳೆಯ ಪ್ಲಾಸ್ಟರ್ ನಕಲು. ಚಿಂಪಾಂಜಿಯ ಮೂಳೆಯಲ್ಲಿ ತೋಳು ಕೂರುವ ಗುಳಿ ಮೇಲ್ಮುಖವಾಗಿತ್ತು, ಕೊಂಬೆ ಹಿಡಿದು ನೇತಾಡುವುದಕ್ಕೆ ತಕ್ಕಂತೆ. ನಮ್ಮದು ಪಕ್ಕಕ್ಕೆ ನೋಡುತ್ತಿತ್ತು. ಅದರ ಮೇಲೆ ಮೂಳೆಯದೇ ಒಂದು ಚಾವಣಿ. ಕೈ ಎತ್ತಿದಾಗಲೆಲ್ಲ ಟೆಂಡನ್ ಆ ಇಕ್ಕಟ್ಟಿನಲ್ಲಿ ಉಜ್ಜುತ್ತದೆ ಎಂದರು.

"ಮರ ಬಿಟ್ಟು ಇಳಿದ್ವಿ. ಕೈ ಮೇಲೆತ್ತೋ ಕೆಲಸ ಮಾತ್ರ ಬಿಡ್ಲಿಲ್ಲ ನೋಡಿ. ಅದರಲ್ಲೂ ಹೆಂಗಸರು."

ನಾನು ಲೇಖನದ ತಲೆಬರಹ ಯೋಚಿಸುತ್ತಿದ್ದೆ. ಅವರು ಕೊನೆಗೆ ಇನ್ನೂ ಏನೋ ಹೇಳಿದರು. ತಲೆಯಾಡಿಸಿ ಎದ್ದೆ.

ನಾನು ಉಪಸಂಪಾದಕ. ನಮ್ಮಲ್ಲಿ ಸುದ್ದಿಯ ಸಾರ ಮೊದಲ ಪ್ಯಾರಾದಲ್ಲಿರುತ್ತದೆ. ಜಾಗ ಸಾಲದೆಂದು ಅಚ್ಚುಮೊಳೆ ಜೋಡಿಸುವವರು ಹೇಳಿ ಕಳಿಸಿದರೆ ಬುಡದಿಂದ ಕತ್ತರಿಸುತ್ತೇವೆ. ಬರಹವನ್ನು ಹೀಗೆ ಓದುತ್ತ ಓದುತ್ತ ಮನುಷ್ಯರ ಮಾತನ್ನೂ ಹಾಗೆಯೇ ಕೇಳಿಸಿಕೊಳ್ಳಲು ಕಲಿತಿದ್ದೆ ಎಂಬುದು ನನಗೆ ತಿಳಿದಿರಲಿಲ್ಲ.

ಮನೆಯಲ್ಲಿ ಮೂಳೆಗಳ ಕಥೆಯನ್ನು ಚೆನ್ನಾಗಿ ಹೇಳಿದೆ.

"ನನ್ನ ಸೊಸೆ ಭುಜ ನೋಡಕ್ಕೆ ಕೋತಿ ಮೂಳೆ ಯಾಕಪ್ಪ ಬೇಕಾಗಿತ್ತು?" ಎಂದರು ಅಮ್ಮ. ಆದರೆ ಅಂದೇ ಗಳುವನ್ನು ತಮ್ಮ ಎದೆಯೆತ್ತರಕ್ಕೆ ಇಳಿಸಿ ಕಟ್ಟಿಸಿದರು. ತಮ್ಮ ಸೀರೆಯನ್ನು ತಾವೇ ಹರವಿಕೊಂಡರು.

ಸ್ಲಿಂಗ್ ನಾನೇ ಕಟ್ಟುತ್ತಿದ್ದೆ. ಸ್ನಾನಕ್ಕೆ ಬಿಚ್ಚಿದರೂ ಕೂಡಲೇ ಬಿಗಿಯುತ್ತಿದ್ದೆ. "ಸ್ವಲ್ಪ ಆಡಿಸ್ಲಾ?" ಎಂದರೆ ಬೇಡವೆನ್ನುತ್ತಿದ್ದೆ. ಅವಳು ರಜೆ ಹಾಕಿದಳು, ಆಮೇಲೆ ಅದನ್ನು ಮುಂದುವರಿಸಿದಳು. ಈ ನಡುವೆ ಭಾನುವಾರದ ಪುರವಣಿಯಲ್ಲಿ ನನ್ನ ಲೇಖನ ಬಂತು. ಎಲ್ಲರೂ ಮೆಚ್ಚಿದರು. ನೋವು ಕಡಿಮೆಯಾಯಿತು. ನನಗೆ ಸಮಾಧಾನವಾಯಿತು.

ಸ್ಲಿಂಗ್ ಬಿಚ್ಚಿದ ದಿನ ಅವಳ ಕೈ ಜಡೆಗೂ ಎಟುಕಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಾರಿಡಾರಿನಲ್ಲೇ ಸಿಕ್ಕರು. "ಲೇಖನ ಓದಿದೆ ಸಾರ್, ಚೆನ್ನಾಗಿತ್ತು. ಆದರೆ ವಾರ ಕಳೆದ ಮೇಲೆ ದಿನಾ ಕೈ ಜೋಲಾಡಿಸ್ಬೇಕು ಅಂದಿದ್ನಲ್ಲ, ಅದನ್ಯಾಕೆ ಬಿಟ್ರಿ? ಕಟ್ಟೇ ಇಟ್ರೆ ಕೀಲು ಹಿಡ್ಕೊಳ್ಳತ್ತೆ." ಆಮೇಲೆ ಅವಳ ತೋಳನ್ನು ಎತ್ತಿ ನೋಡಿದರು. "ಫ್ರೋಜನ್ ಶೋಲ್ಡರ್."

ಶಾರದೆ ನನ್ನ ಕಡೆ ತಿರುಗಿದಳು.

ಗದ್ದಲದಲ್ಲಿ ಕೇಳಿಸಿರಲಿಲ್ಲ ಎನ್ನಬಹುದಿತ್ತು. ಆ ಕೋಣೆಯಲ್ಲಿ ಗದ್ದಲವಿರಲಿಲ್ಲ. "ಹೇಳಿದ್ರು. ನಾನು ಕೇಳಿಸ್ಕೊಳ್ಳಲಿಲ್ಲ," ಎಂದೆ. ಅವಳು ರೇಗಲಿಲ್ಲ. ರೇಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳಿಗೆ ಅದೂ ಗೊತ್ತಿತ್ತೇನೋ.

ಡಾಕ್ಟರು ಹೋದ ಸಲದಂತೆ ನನ್ನನ್ನು ಒಳಗೆ ಕರೆದರು.

"ನೀವಿಲ್ಲೇ ಕೂತಿರಿ," ಎಂದು ಅವಳೇ ಎದ್ದು ಹೋದಳು.

ಬಾಗಿಲ ಸಂದಿಯಿಂದ ಅವಳ ಪ್ರಶ್ನೆಗಳು ಕೇಳುತ್ತಿದ್ದವು. ಎಷ್ಟು ಎತ್ತರ ಬರಬಹುದು? ನೋವಾದರೆ ನಿಲ್ಲಿಸಬೇಕೆ, ಮುಂದುವರಿಸಬೇಕೆ? ಎಡಗೈಯಲ್ಲಿ ಬರೆಯುವುದನ್ನು ಕಲಿಯುವುದು ಒಳ್ಳೆಯದೆ? ಇವು ಯಾವುವೂ ನನಗೆ ಹೊಳೆದಿರಲಿಲ್ಲ.

ಈಗ ಬೆಳಗ್ಗೆ ಸಂಜೆ ಬಾಗಿ ಕೈ ಜೋಲಾಡಿಸುತ್ತಾಳೆ, ಬೆರಳಿನಿಂದ ಗೋಡೆ ಹತ್ತುತ್ತಾಳೆ. ಕೈ ಕಿವಿಯ ಮಟ್ಟಕ್ಕೆ ಬಂದಿದೆ. ಪೂರ್ತಿ ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಶಾಲೆ ಅವಳನ್ನು ಈ ವರ್ಷಕ್ಕೆ ಉಳಿಸಿಕೊಂಡಿದೆ. ಮುಂದಿನ ವರ್ಷದ ಮಾತು ಯಾರೂ ಆಡಿಲ್ಲ. ಉಳಿದಷ್ಟಕ್ಕೆ ನಾನು ಋಣಿ. ಹಾಗೆನ್ನುವ ಹಕ್ಕು ನನಗಿದೆಯೇ ಎಂಬುದು ಬೇರೆ.

ಆ ದಿನ ಅವಳು ಹೊರಗೆ ಬಂದಾಗ, ಏನೆಂದರು ಎಂದು ಕೇಳಿದ್ದೆ.

"ಪೂರ್ತಿ ಹೇಳ್ಲಾ," ಎಂದಳು ಶಾರದೆ, "ಶುರುವಿನದಷ್ಟೇ ಸಾಕಾ?"

ಬಸ್ಸು ಬರುವವರೆಗೂ ಅವಳು ಹೇಳಿದಳು. ಬಸ್ಸು ಬಂದ ಮೇಲೂ ಹೇಳಿದಳು.